ಪ್ಯಾಲೆಟ್ ಸೀಲ್ ಬಗ್ಗೆ ನಾನು ಹಾಕಿದ್ದು ತಪ್ಪು

ಗುಜರಿ ಪ್ಯಾಲೆಟ್ (ಸರಕು ಇಟ್ಟು ಸಾಗಿಸೋ ಮರದ ಅಡಿಹಲಗೆ) ಬಿಚ್ಚಿ ವರ್ಕ್‌ಬೆಂಚ್ ಮಾಡೋದರ ಬಗ್ಗೆ ನಾನು ಹಾಕಿದ್ದ ಮೆಸೇಜ್ ಇನ್ನೂ ಓಡಾಡ್ತಿದೆ, ಅದರಲ್ಲಿ "ಗೋಧಿ ತೆನೆ ಗುರುತಿನ ಐಪಿಪಿಸಿ (ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ) ಸೀಲ್ ಇದ್ರೆ ಕೆಮಿಕಲ್ ಇರಲ್ಲ, ಗಟ್ಟಿ ಮರ" ಅಂತ ಬರೆದಿದ್ದೆ, ಅದು ತಪ್ಪು. ಐಎಸ್‌ಪಿಎಂ 15 ಅನ್ನೋ, ಮರದ ಪ್ಯಾಕಿಂಗ್ ಸಾಮಾನಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆ ಸೀಲ್ ಹೇಳೋದು ಮರದ ಹುಳ ಸಾಯೋ ಹಾಗೆ ಟ್ರೀಟ್ ಮಾಡಿದಾರೆ ಅಂತ ಅಷ್ಟೇ. ನೋಡ್ಬೇಕಿರೋದು ಅದರಲ್ಲಿರೋ ಎರಡಕ್ಷರ (HT ಅಥವಾ MB): ಎಚ್‌ಟಿ ಅಂದ್ರೆ ಮರದ ಒಳಗಿನ ತನಕ 56 ಡಿಗ್ರಿ ಸೆಲ್ಸಿಯಸ್ ಬಿಸಿ, 30 ನಿಮಿಷ, ಎಂಬಿ ಅಂದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಹೊಡೆದಿದ್ದು, ಅದನ್ನ ಬಿಟ್ಬಿಡಿ. ಗಟ್ಟಿತನಕ್ಕೂ ಸೀಲ್‌ಗೂ ಸಂಬಂಧನೇ ಇಲ್ಲ, ವೈಸ್ (ಸಾಮಾನು ಬಿಗಿಯಾಗಿ ಹಿಡಿಯೋ ಉಪಕರಣ) ಕೂರಿಸೋ ಬೆಂಚಿನ ಕಾಲಿಗೆ ತೆಳು ಪಟ್ಟಿ ಸಾಲಲ್ಲ, ದಪ್ಪ ತುಂಡೇ ಬೇಕು. ಎಚ್‌ಟಿ ಇದ್ರೂ ಎಣ್ಣೆ ಕಲೆ, ವಾಸನೆ ಇದ್ರೆ ಬೇಡ, ಮೇಲೆ ಏನು ಚೆಲ್ಲಿತ್ತೋ ಸೀಲ್ ಹೇಳಲ್ಲ. ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.