ಕರೆಂಟ್ ತಂತಿ ಫ್ರೇಮಿನಲ್ಲೇ ಇರಲಿ

ಫೋಟೋಗ್ರಫಿ ಗ್ರೂಪುಗಳಲ್ಲಿ, ಹಕ್ಕಿಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿನ ಚಿತ್ರ ಬಂದಾಗಲೆಲ್ಲ ನನಗೆ ಒಂದು ತಕರಾರು. ಹೆಜ್ಜಾರ್ಲೆ (ಪೆಲಿಕನ್) ಇರುತ್ತದೆ, ಗೂಡು ಇರುತ್ತದೆ, ಹಿಂದೆ ತಿಳಿನೀಲಿ ಆಕಾಶ ಇರುತ್ತದೆ. ಊರೇ ಇರುವುದಿಲ್ಲ! ಆ ಗೂಡಿನ ಕೆಳಗೆ ಹೆಂಚಿನ ಮನೆ ಇದೆ, ಕರೆಂಟ್ ತಂತಿ ಇದೆ, ಟಿವಿ ಡಿಶ್ ಇದೆ, ಒಣಹಾಕಿದ ಸೀರೆ ಇದೆ, ಗೊಂತಿನಲ್ಲಿ ಕಟ್ಟಿದ ಎಮ್ಮೆ ಇದೆ. ಅದನ್ನೆಲ್ಲ ಕ್ರಾಪ್ ಮಾಡಿ ಬಿಸಾಕಿದರೆ ಉಳಿಯೋದು ಏನು? ಯಾವ ಕೆರೆಗೆ ಹೋದರೂ ಸಿಗುವ ಒಂದು ಹಕ್ಕಿ.

ಬೆಂಗಳೂರಿನವರಿಗೆ ಇದು ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗ. ಮೈಸೂರು ರಸ್ತೆಯಲ್ಲಿ ಮದ್ದೂರಿಗಿಂತ ಮೊದಲು, ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಸುಮಾರು 12 ಕಿ.ಮೀ. ಒಳಗೆ ಹೋಗಬೇಕು. ಎಕ್ಸ್‌ಪ್ರೆಸ್ ವೇ ಆದಮೇಲೆ ಕಾರಿನವರಿಗೆ ಆರಾಮ. ಬೈಕಿನವರನ್ನು ಮಾತ್ರ 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಊರೊಳಗಿನ ಹಳೇ ರಸ್ತೆ ಹಿಡಿದು, ಹಂಪು ಹತ್ತಿಳಿದು ಹೋಗಬೇಕು. ಕಿರಿಕಿರಿಯೇ, ಆದರೆ ತಟ್ಟೆ ಇಡ್ಲಿ ಸಿಗುವುದು ಆ ರಸ್ತೆಯಲ್ಲೇ ಅಲ್ವಾ.

ಅಲ್ಲಿಂದ ಶುರು ಮನೆಯವರಿಗೂ ಕ್ಯಾಮೆರಾಕ್ಕೂ ಜಗಳ. ಬೆಳಕು ಚೆನ್ನಾಗಿರುವುದು ಎಂಟೂವರೆವರೆಗೆ. ಮನೆಯವರಿಗೆ ಹಸಿವಾಗುವುದು ಎಂಟಕ್ಕೆ. ನಮ್ಮ ಮನೆಯಲ್ಲಿ ಇದಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ. "ಇನ್ನೊಂದೇ ಒಂದು ಫೋಟೋ" ಅನ್ನೋ ಮಾತನ್ನು ಈಗ ಮಕ್ಕಳೂ ನಂಬುವುದಿಲ್ಲ. ಇಡ್ಲಿ ಮುಗಿಸಿ ಊರು ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿರುತ್ತದೆ, ಆಕಾಶ ಬೆಳ್ಳಗೆ ಸುಣ್ಣ ಬಳಿದ ಹಾಗೆ. ತಲೆಯೆತ್ತಿ ಹಾಗೇ ಕ್ಲಿಕ್ ಮಾಡಿದರೆ ಹಕ್ಕಿ ಕಪ್ಪಗೆ ಬರುತ್ತದೆ. ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಮೇಲೆ ಏರಿಸಬೇಕು. ಆಗ ಆಕಾಶ ಪೂರ್ತಿ ಬೆಳ್ಳಗಾಗಿಬಿಡುತ್ತದೆ. ಆಗಲಿ ಬಿಡಿ, ಹಕ್ಕಿಯ ಕಣ್ಣು ಕಂಡರೆ ಸಾಕು.

ಇನ್ನೊಂದು, ಕಾರಿನ ಎಸಿಯಿಂದ ಇಳಿದ ತಕ್ಷಣ ಲೆನ್ಸಿಗೆ ಮಂಜು ಹಿಡಿಯುತ್ತದೆ. ಅದನ್ನು ಅಂಗಿ ತುದಿಯಲ್ಲಿ ಉಜ್ಜುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಆದರೆ ಹೊತ್ತೇರಿದ ಮೇಲೆ ಕೆಲಸ ಮುಗಿಯಿತು ಅಂತ ಬ್ಯಾಗ್ ಕಟ್ಟಬೇಡಿ. ಹೆಜ್ಜಾರ್ಲೆ ಭಾರದ ಹಕ್ಕಿ, ರೆಕ್ಕೆ ಬಡಿದು ಬಡಿದು ದೂರ ಹೋಗುವುದು ಅದಕ್ಕೆ ಕಷ್ಟ. ನೆಲ ಕಾದು ಬಿಸಿಗಾಳಿ ಮೇಲೇಳುವುದನ್ನೇ ಕಾಯುತ್ತದೆ. ಆಮೇಲೆ ಒಂದರ ಹಿಂದೆ ಒಂದು, ರೆಕ್ಕೆ ಅಲ್ಲಾಡಿಸದೆ ಸುತ್ತುತ್ತಾ ಸುತ್ತುತ್ತಾ ಮೇಲೇರಿ ಕೆರೆಗಳ ಕಡೆ ಹೊರಡುತ್ತವೆ. ತಿರುಗಿ ಬಂದು ಗೂಡಿನಲ್ಲಿ ಇಳಿದ ಕೂಡಲೇ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ಪೂರ್ತಿ ತೂರಿಸುತ್ತದೆ. ಕುತ್ತಿಗೆವರೆಗೂ ಒಳಗೆ! ಮೊದಲ ಸಲ ನೋಡಿದವರಿಗೆ ತಾಯಿ ಮರಿಯನ್ನೇ ನುಂಗುತ್ತಿದೆ ಅನ್ನಿಸಬೇಕು. ಸುತ್ತ ಮರಿಗಳ ಅರಚಾಟ. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಕಟಕಟಾಯಿಸುತ್ತಿರುತ್ತವೆ. ಕೆಳಗೆ ಮೀನು ವಾಸನೆ. ಫೋಟೋದಲ್ಲಿ ಈ ವಾಸನೆ ಬರೋದಿಲ್ಲವಲ್ಲ, ಸದ್ಯ.

ಒಂದು ಹುಣಸೆ ಮರದ ಕೆಳಗೆ ನಾನು ಫೋಕಸ್ ಮಾಡುತ್ತಾ ನಿಂತಿದ್ದೆ. ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಪೊರಕೆ ನಿಲ್ಲಿಸಿ, "ಫೋಟೋ ಆಮೇಲ್ ಹಿಡ್ಕೊಳೀವಂತೆ ಕಣ್ ಮಗ, ಮೊದ್ಲು ಅತ್ಲಾಗ್ ನಿಂತ್ಕೊ. ತಲೆ ಮೇಲೆ ಹೇತ್ಬುಡ್ತವೆ" ಅಂದರು. ದಿನಾ ಗುಡಿಸೋದು ಕಷ್ಟ ಅಲ್ವೇನಜ್ಜಿ ಅಂದೆ. "ಬಾಣಂತನಕ್ಕೆ ಬಂದಿರೋ ಮಗಳನ್ನ ಗಲೀಜು ಅಂತ ಓಡುಸ್ತಾರಾ?" ಅಂತ ನನ್ನನ್ನೇ ಕೇಳಿದರು. ಇದು ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿರುವ ಮರದ ಹುಣಸೆ ಫಸಲು ನಷ್ಟವಾಗುತ್ತದೆ ಅಂತ ಅರಣ್ಯ ಇಲಾಖೆ ಮಾಲೀಕರಿಗೆ ಒಂದಷ್ಟು ಪರಿಹಾರ ಕೊಡುತ್ತದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯೂ ಆಯಿತು. ಕಾಡಿಲ್ಲ, ಬೇಲಿಯಿಲ್ಲ, ಊರವರೇ ಕಾವಲು.

ಹಾಗಿರುವಾಗ ಆ ಅಜ್ಜಿಯನ್ನೂ ಅಂಗಳವನ್ನೂ ಫ್ರೇಮಿನಿಂದ ಹೊರಗಿಟ್ಟು ಯಾವ ನೇಚರ್ ತೋರಿಸುತ್ತೇವೆ ನಾವು?

ಹಾಗೆ ಕ್ರಾಪ್ ಮಾಡುವವರನ್ನು ಕೇಳಿದರೆ, "ಫೋಟೋ ಸ್ಪರ್ಧೆಯಲ್ಲಿ ಮನುಷ್ಯನ ಗುರುತು ಇರಬಾರದು ಸರ್" ಅನ್ನುತ್ತಾರೆ. ನಿಯಮವನ್ನು ಪೂರ್ತಿ ಓದಿ ಸ್ವಾಮಿ. ಎಫ್‌ಐಎಪಿ, ಪಿಎಸ್‌ಎ ಅನ್ನೋ ಅಂತರರಾಷ್ಟ್ರೀಯ ಫೋಟೋಗ್ರಫಿ ಸಂಸ್ಥೆಗಳು ಒಪ್ಪಿರುವ ನೇಚರ್ ವಿಭಾಗದ ನಿಯಮದಲ್ಲೇ ಇದಕ್ಕೆ ವಿನಾಯಿತಿ ಇದೆ. ಮನುಷ್ಯ ಬದಲಿಸಿದ ಜಾಗಕ್ಕೆ ಹೊಂದಿಕೊಂಡ ಜೀವಿಗಳ ಕಥೆ ಹೇಳುವಾಗ ಮನೆ ಮಠ ಕಂಡರೂ ನಡೆಯುತ್ತದೆ. ಆ ನಿಯಮದ ಹಿಂದಿನ ಆವೃತ್ತಿಯಲ್ಲಿ ಉದಾಹರಣೆಗೆ ಅವರು ಹೆಸರಿಸಿದ್ದು ಗೂಬೆಯನ್ನು ಮತ್ತು ಕೊಕ್ಕರೆಯನ್ನು! ಇನ್ನೇನು ಬೇಕು?

ಇದಕ್ಕಿಂತ ಕೆಟ್ಟದ್ದು ಹಾರುವ ಚಿತ್ರದ ಹುಚ್ಚು. ಹಕ್ಕಿ ಏಳಲಿ ಅಂತ ಚಪ್ಪಾಳೆ ತಟ್ಟುವವರು, ಮರಕ್ಕೆ ಕಲ್ಲು ಬೀರುವವರು ಇದ್ದಾರೆ. ಗೂಡಿನಲ್ಲಿ ಗಾಬರಿಯಾದರೆ ಮರಿ ಕೆಳಗೆ ಬೀಳುತ್ತದೆ. ಸುಮ್ನೆ ಅರ್ಧ ಗಂಟೆ ನಿಂತರೆ ಅದೇ ಏಳುತ್ತದೆ, ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚುರುಕಾಗಿ ಇಟ್ಟುಕೊಂಡು ಕಾಯಿರಿ. ಆ ಅರ್ಧ ಗಂಟೆಯಲ್ಲಿ ಮನೆಯವರು ಕಾರಿನಿಂದ ನಾಲ್ಕು ಸಲ ಫೋನ್ ಮಾಡುತ್ತಾರೆ, ಅದು ಬೇರೆ ವಿಷಯ.

ಹೋಗುವುದಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು, ಗೂಡುಗಳಲ್ಲಿ ಮರಿ ಇರುತ್ತವೆ. ಟೋಪಿ ಮರೆಯಬೇಡಿ. ಅಂಗಳಕ್ಕೆ ಕಾಲಿಡುವ ಮೊದಲು ಒಂದು ಮಾತು ಕೇಳಿ. ಉದ್ದ ಲೆನ್ಸ್ ಇಲ್ಲ ಅಂತ ಕೊರಗಬೇಡಿ. ಮರಗಳು ಮನೆ ಬಾಗಿಲಲ್ಲೇ ಇವೆ, ಫೋನಿನಲ್ಲೂ ಊರು, ಮರ, ಹಕ್ಕಿ ಮೂರೂ ಬರುತ್ತವೆ. ಐನೂರು ಎಂಎಂ ಲೆನ್ಸ್ ಹೊತ್ತು ಬಂದವರಿಗೆ ಅಲ್ಲಿ ಆ ಚಿತ್ರ ಸಿಗುವುದೇ ಇಲ್ಲ.