ಚೀಟಿ ಇಲ್ಲದ ಚೀಲ

ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಒಂದು ಹಿಡಿ ತೇವದ ಪೀಟ್, ಅಂದರೆ ಜೌಗುನೆಲದ ಕೊಳೆತ ಪಾಚಿಯ ಪುಡಿ, ಅದರಲ್ಲಿ ಮೀನಿನ ಮೊಟ್ಟೆಗಳು. ಮೇಲೆ ಜೆಲ್ ಪೆನ್ನಿನಲ್ಲಿ ಬರೆದಿದ್ದ ಅಕ್ಷರಗಳೆಲ್ಲ ಒದ್ದೆಗೆ ಕದಡಿ ನೀಲಿ ಮೋಡವಾಗಿವೆ. ಅಳಿದುಳಿದದ್ದು ‘ನೋಥೋ’ ಎಂಬ ಎರಡಕ್ಷರ, ಅದರ ಪಕ್ಕದಲ್ಲಿ 1 ಎಂದರೆ 1, 7 ಎಂದರೆ 7 ಅನ್ನಿಸುವ ಒಂದು ಗೀಟು. ಕೊಟ್ಟ ಮಹಾನುಭಾವರನ್ನೇ ಕೇಳೋಣವೆಂದರೆ ಉತ್ತರ ಸಿದ್ಧವಾಗಿದೆ: “ಅಯ್ಯೋ, ಇಷ್ಟು ಹೊತ್ತಿಗೆ ಆಗಿರತ್ತೆ ಬಿಡಿ. ನೀರು ಹಾಕಿ ನೋಡಿ.”

ನೀರು ಹಾಕಿ ನೋಡುವುದಂತೆ! ಲಾಟರಿ ಟಿಕೆಟ್ಟನ್ನು ಹರಿದು ನೋಡಿ ಅಂದ ಹಾಗಾಯಿತು.

ನೋಥೋಬ್ರಾಂಕಿಯಸ್ ಸಾಕುವವರಿಗೆ ಚೀಲದ ಮೇಲಿನ ತಾರೀಖೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಮಳೆಗುಂಡಿಗಳಲ್ಲಿ ಹುಟ್ಟುವ ಮೀನು ಇದು. ಗುಂಡಿ ಬತ್ತಿದರೆ ದೊಡ್ಡವೆಲ್ಲ ಸಾಯುತ್ತವೆ, ಮೊಟ್ಟೆಗಳು ಮಾತ್ರ ಕೆಸರಿನೊಳಗೆ ಮುಂದಿನ ಮಳೆಗೆ ಕಾದು ಕೂರುತ್ತವೆ. ನಾವು ಆ ಕೆಸರಿಗೆ ಬದಲು ಪೀಟ್, ಬೇಸಗೆಗೆ ಬದಲು ಕಪಾಟು ಕೊಟ್ಟಿದ್ದೇವೆ. ಮಳೆ ಯಾವಾಗ ಅನ್ನುವುದನ್ನು ತೀರ್ಮಾನಿಸುವ ದೇವರ ಕೆಲಸವೂ ನಮ್ಮದೇ. ಇವುಗಳಲ್ಲಿ ಜಾಂಜಿಬಾರ್ ದ್ವೀಪದ ಗುಂಥೆರಿ ಜಾತಿಗೆ 24 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 12 ವಾರ ಸಾಕು. ಮೊಜಾಂಬಿಕ್‌ನ ರಾಕೋವಿ ಜಾತಿಗೆ ಆರು ತಿಂಗಳಾದರೂ ಅವಸರವಿಲ್ಲ. ಮೂರನೇ ತಿಂಗಳಿಗೆ ರಾಕೋವಿಯ ಮೇಲೆ ಮಳೆ ಸುರಿಸಿದರೆ ಬೆಳೆಯದ ಮೊಟ್ಟೆಗಳು ಬೂಸ್ಟು ಹಿಡಿಯುತ್ತವೆ. ಗುಂಥೆರಿಯನ್ನು ಮರೆತು ವರ್ಷ ಕಳೆದರೆ, ಒಳಗಿನ ಮರಿ ತನ್ನ ಬುತ್ತಿಯನ್ನೆಲ್ಲ ಕರಗಿಸಿಕೊಂಡು, ಹೊರಬರುವಷ್ಟರಲ್ಲಿ ತ್ರಾಣವೇ ಇಲ್ಲದೆ ತಳದಲ್ಲಿ ಹೊಟ್ಟೆ ಎಳೆಯುತ್ತ ಹರಿದಾಡುತ್ತದೆ. ಇದಕ್ಕೇ ಬೆಲ್ಲಿ ಸ್ಲೈಡರ್ ಅನ್ನುವುದು. ಗಾಳಿಚೀಲ ತುಂಬಿಕೊಳ್ಳದ ಮರಿ ಈ ಜನ್ಮದಲ್ಲಿ ಈಜುವುದಿಲ್ಲ.

ಇಷ್ಟೆಲ್ಲ ಅವಲಂಬಿಸಿರುವುದು ಎರಡು ಬೆರಳಗಲದ ಒಂದು ಚೀಟಿಯ ಮೇಲೆ. ಆ ಚೀಟಿ ಬರೆಯುವವರಲ್ಲೂ ಜಾತಿಗಳಿವೆ, ಮೀನಿಗಿಂತ ಹೆಚ್ಚು.

‘ಕೆಂಪು ಬಾಲ’ ಎಂದಷ್ಟೇ ಬರೆಯುವವರಿದ್ದಾರೆ. ‘ಎಡಗಡೆ ಟ್ಯಾಂಕ್’ ಎಂದು ಬರೆಯುವವರಿದ್ದಾರೆ. ಯಾರ ಎಡ ಎಂದು ಕೇಳಬಾರದು. ಆದರೆ ಇವರೆಲ್ಲರ ತಲೆಯ ಮೇಲೆ ಹೊಡೆದಂತೆ ಒಬ್ಬರಿರುತ್ತಾರೆ, ಪ್ರತಿ ಬಳಗದಲ್ಲೂ ಒಬ್ಬರು: ಚೀಟಿಯಲ್ಲಿ ‘ಹೋದ ತಿಂಗಳು’ ಎಂದು ಬರೆಯುವವರು. ದುಂಡು ಅಕ್ಷರ, ಅಳಿಯದ ಮಾರ್ಕರ್, ಕೆಳಗೊಂದು ಅಡ್ಡಗೆರೆ ಬೇರೆ. ಈ ಚೀಟಿಗೆ ಮುಪ್ಪಿಲ್ಲ. ಮಾರ್ಚಿನಲ್ಲಿ ಓದಿದರೂ ಹೋದ ತಿಂಗಳು, ನವೆಂಬರಿನಲ್ಲಿ ಓದಿದರೂ ಹೋದ ತಿಂಗಳು. ಯಾವ ಹೋದ ತಿಂಗಳು ಸ್ವಾಮಿ ಎಂದರೆ ಅವರು ಸೂರು ನೋಡುತ್ತಾರೆ. “ಏರ್ ಪಂಪ್ ಕೆಟ್ಟಿತ್ತಲ್ಲ, ಆವಾಗ.” ಪಂಪ್ ತಿಂಗಳಿಗೊಮ್ಮೆ ಕೆಡುತ್ತದೆ. “ಅಲ್ಲ, ದೊಡ್ಡ ಗಂಡು ಹಾರಿ ಸತ್ತಿತ್ತಲ್ಲ, ಅದರ ಹಿಂದಿನ ವಾರ.” ಗಂಡು ಹಾರದ ವಾರ ಯಾವುದು? ಮುಚ್ಚಳದಲ್ಲಿ ಪಂಪಿನ ವೈರ್ ಹಾಯಲೆಂದು ಬಿಟ್ಟ ಬೆರಳಗಲದ ಸಂದಿಯನ್ನು ಅವು ಕತ್ತಲಲ್ಲೂ ಗುರಿ ತಪ್ಪದೆ ಹುಡುಕುತ್ತವೆ. ಹೀಗೆ ಪಂಪುಗಳ ಮರಣ, ಗಂಡುಗಳ ಆತ್ಮಾಹುತಿ, ಹೀಟರ್ ಸುಟ್ಟ ರಾತ್ರಿ ಎಲ್ಲವನ್ನೂ ಕೂಡಿಸಿ ಕಳೆದು, ಕೊನೆಗೆ ಅವರು ಒಂದು ಕಾಲಮಾನ ನಿಗದಿ ಮಾಡುತ್ತಾರೆ: “ಎರಡರಿಂದ ಎಂಟು ತಿಂಗಳು ಅಂತ ಇಟ್ಕೊಳ್ಳಿ.” ಇಟ್ಟುಕೊಳ್ಳದೆ ಇನ್ನೇನು ಮಾಡುವುದು, ಚೀಲ ಆಗಲೇ ನಮ್ಮ ಕೈಯಲ್ಲಿದೆಯಲ್ಲ.

ಪೆನ್ಸಿಲ್! ಒಂದು ಪೆನ್ಸಿಲ್ ಸಾಕಿತ್ತು. ಕಾಗದದ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಚೀಲದೊಳಗೇ ಹಾಕಿದರೆ ಎಷ್ಟು ತೇವವಿದ್ದರೂ ಅಕ್ಷರ ಕದಡುವುದಿಲ್ಲ. ಜಾತಿ, ಊರು, ಪೀಟ್ ತೆಗೆದ ದಿನ. ಮೂರೇ ಸಾಲು.

ಊರು ಏಕೆ ಎಂದು ಮೂಗು ಮುರಿಯುವವರು ರಾಕೋವಿಯ ಕಥೆ ಕೇಳಬೇಕು. ಬಹಳ ಕಾಲ ಒಂದೇ ಜಾತಿಯೆಂದು ನಡೆದುಕೊಂಡು ಬಂದ ಈ ಮೀನಿನಿಂದ 2010ರಲ್ಲಿ ಎರಡು ಹೊಸ ಜಾತಿಗಳನ್ನು ಬೇರ್ಪಡಿಸಿದರು: ಕ್ರಿಸಾನೋವಿ ಮತ್ತು ಪಿಯೆನಾರಿ. ಚೀಟಿಯಲ್ಲಿ ‘ರಾಕೋವಿ, ಬೈರಾ 98’ ಎಂದು, ಅಂದರೆ ಮೊಜಾಂಬಿಕ್‌ನ ಬೈರಾ ಊರಿನ ಬಳಿ 1998ರಲ್ಲಿ ಹಿಡಿದದ್ದೆಂದು ಬರೆದಿಟ್ಟವರು ನಿಶ್ಚಿಂತೆಯಿಂದ ಮಲಗಿದರು. ಬರೀ ‘ರಾಕೋವಿ’ ಎಂದವರ ಟ್ಯಾಂಕಿನಲ್ಲಿ ಒಂದೇ ರಾತ್ರಿಗೆ ಅನಾಮಧೇಯ ಮೀನುಗಳು. ಗಂಡುಗಳನ್ನು ಬಣ್ಣ ನೋಡಿ ಹೇಗೋ ಊಹಿಸಬಹುದು. ಹೆಣ್ಣುಗಳು? ಯಾವ ನೋಥೋ ಹೆಣ್ಣನ್ನು ನೋಡಿದರೂ ಅದೇ ಕಂದು ಮೈ, ಅದೇ ಪಾರದರ್ಶಕ ರೆಕ್ಕೆ, ಅದೇ ಬೇಸರದ ಮುಖ. ಎರಡು ಜಾತಿಯ ಹೆಣ್ಣುಗಳನ್ನು ಒಂದು ಟ್ಯಾಂಕಿಗೆ ಬಿಟ್ಟಿರೋ, ಮತ್ತೆ ಬೇರೆ ಮಾಡಲು ಬ್ರಹ್ಮನೇ ಬರಬೇಕು. ಬೆರಕೆ ಮೊಟ್ಟೆ ಮಾತ್ರ ಖಂಡಿತ ಬರುತ್ತದೆ.

ಸರಿ, ಚೀಟಿಯಂತೂ ಇಲ್ಲ. ಇನ್ನು ಉಳಿದ ದಾರಿ ಮೊಟ್ಟೆಯನ್ನೇ ಕೇಳುವುದು. ಬಿಳಿ ತಟ್ಟೆಗೆ ಚಿಟಿಕೆ ಪೀಟ್ ಉದುರಿಸಿ, ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ಕೂರಬೇಕು. ಹುಡುಕುತ್ತಿರುವುದು ಕಂದು ಪುಡಿಯಲ್ಲಿ ಒಂದು ಮಿಲಿಮೀಟರ್ ಗಾತ್ರದ, ಹೆಚ್ಚುಕಡಿಮೆ ಅದೇ ಬಣ್ಣದ ಗುಂಡು. ಹತ್ತು ನಿಮಿಷದ ಮೇಲೆ ಸಿಕ್ಕಿತು ಎಂದುಕೊಂಡರೆ ಅದು ಮರಳಿನ ಕಣ. ಮೊಟ್ಟೆಯೇ ಸಿಕ್ಕಿ, ಅದರೊಳಗಿಂದ ಚಿನ್ನದ ಉಂಗುರ ಹಾಕಿಕೊಂಡ ಎರಡು ಕಣ್ಣು ನಮ್ಮನ್ನೇ ದಿಟ್ಟಿಸಿದರೆ ಮಳೆಗೆ ಮುಹೂರ್ತ ಬಂತೆಂದು ಅರ್ಥ. ಒಳಗೆ ಏನೂ ಕಾಣದೆ ಬರೀ ತಿಳಿಯಾಗಿದ್ದರೆ ಚೀಲ ಮತ್ತೆ ಕಪಾಟಿಗೆ, ತಿಂಗಳ ಮೇಲೆ ಮತ್ತೆ ಇದೇ ತಪಸ್ಸು. ಒಂದೇ ಚೀಲದಲ್ಲಿ ಕೆಲವಕ್ಕೆ ಕಣ್ಣು ಬಂದು ಕೆಲವು ಇನ್ನೂ ನಿದ್ದೆಯಲ್ಲಿರುವುದೂ ಉಂಟು. ಒಂದು ಅಕಾಲ ಮಳೆಗೆ ಇಡೀ ಸಂತಾನ ನಾಶವಾಗದಿರಲೆಂದು ಅವು ಮಾಡಿಕೊಂಡ ಏರ್ಪಾಡು. ಚೀಟಿ ಬರೆಯದವರ ಬುದ್ಧಿಯನ್ನು ಈ ಮೀನುಗಳು ಲಕ್ಷಾಂತರ ವರ್ಷ ಮೊದಲೇ ಅಂದಾಜು ಮಾಡಿದ್ದವೋ ಏನೋ.

ಮಳೆ ಸುರಿಸುವುದು ಹೀಗೆ: ಅಗಲ ಡಬ್ಬಿಗೆ ಪೀಟ್ ಸುರಿದು, 16ರಿಂದ 18 ಡಿಗ್ರಿಯ ತಣ್ಣೀರನ್ನು ಮೂರು-ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ಹಾಕಿ ಬಿಡಿ. ಆಳ ಮಾಡಬೇಡಿ, ಮರಿ ಮೇಲಕ್ಕೆ ಬಂದು ಗಾಳಿಚೀಲ ತುಂಬಿಕೊಳ್ಳಬೇಕು. ಕೆಲವೇ ಗಂಟೆಗಳಲ್ಲಿ ನೀರಿನಲ್ಲಿ ಜೋಡಿ ಕಣ್ಣುಗಳು ಕುಪ್ಪಳಿಸತೊಡಗುತ್ತವೆ. ಅವುಗಳ ಊಟಕ್ಕೆ ಹೊಸದಾಗಿ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿ, ಅದೇ ಹೊತ್ತಿಗೆ ಸಿದ್ಧವಿರಬೇಕು, ಅಂದರೆ ಅದರ ಮೊಟ್ಟೆಯನ್ನು ಉಪ್ಪುನೀರಿಗೆ ಹಾಕುವ ಕೆಲಸ ಹಿಂದಿನ ದಿನವೇ ಆಗಿರಬೇಕು. ಅದನ್ನು ಮರೆಯುವವರು ಬೇರೆ ಯಾರೂ ಅಲ್ಲ, ‘ಹೋದ ತಿಂಗಳು’ ಪಂಗಡದವರೇ. ಮರಿಗಳನ್ನು ಎತ್ತಿಕೊಂಡ ಮೇಲೆ ಪೀಟನ್ನು ಚೆಲ್ಲಬಾರದು. ಹಿಂಡಿ, ಮತ್ತೆ ಉದುರುದುರಾಗುವವರೆಗೆ ಆರಿಸಿ, ಮೂರು-ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ನೆನೆಸಿದರೆ ಎರಡನೇ ಕಂತು ಬರುತ್ತದೆ. ಮರಿ ದೊಡ್ಡದಾದ ಮೇಲೆ ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿಡಿ. ಮೈಮೇಲೆ ಚಿನ್ನದ ಧೂಳು ಮೆತ್ತಿದಂತೆ ಬರುವ ವೆಲ್ವೆಟ್ ರೋಗ ಈ ಕುಲಕ್ಕೆ ಪರಮ ಶತ್ರು.

ನಾಲ್ಕೈದು ವಾರಕ್ಕೆ ಗಂಡುಗಳಿಗೆ ಬಣ್ಣ ಏರುತ್ತದೆ. ಆಗ ಮುಸ್ಸಂಜೆ ಟ್ಯಾಂಕಿನ ಮುಂದೆ ಕೂತರೆ ಮೇಲೇಳಲು ಮನಸ್ಸಾಗುವುದಿಲ್ಲ. ಇದರ ಅಪ್ಪ ಅಮ್ಮ ಈ ಬಣ್ಣವನ್ನು ನೋಡಲಿಲ್ಲ. ಇದೂ ತನ್ನ ಮಕ್ಕಳದನ್ನು ನೋಡುವುದಿಲ್ಲ. ವರ್ಷ ತುಂಬುವ ಮೊದಲೇ ಬೆನ್ನು ಬಾಗುತ್ತದೆ, ಬಣ್ಣ ಮಾಸುತ್ತದೆ. ಬೈರಾ 98 ಎಂಬುದು ಎಂದೋ ಬಲೆ ಹಾಕಿದ ಒಂದು ನೀರಿನ ಹೆಸರು. ಆ ಮಳೆಗಾಲ ಎಲ್ಲೋ ಹೋಯಿತು, ಇಷ್ಟು ತಲೆಮಾರುಗಳನ್ನು ದಾಟಿಸಿ ತಂದದ್ದು ಯಾರದೋ ಪೆನ್ಸಿಲ್.

ನಮ್ಮ ಅನಾಮಧೇಯ ಚೀಲದಲ್ಲೂ ಹಾಗೇ ಹತ್ತಾರು ಮರಿ ಎದ್ದು, ಗಂಡುಗಳಿಗೆ ಬಾಲ ಕೆಂಪಾಯಿತು ಎನ್ನಿ. ಗುಂಥೆರಿ ಇರಬಹುದು. ಇಲ್ಲದೆಯೂ ಇರಬಹುದು. ಪೀಟ್ ಡಬ್ಬಿಯೊಳಗೆ ಹೆಣ್ಣನ್ನು ಬೆನ್ನಿನ ರೆಕ್ಕೆಯಿಂದ ಅಪ್ಪಿ ಹಿಡಿದು ಅದು ತನ್ನ ಕೆಲಸ ಶುರು ಮಾಡಿಯೇ ಬಿಟ್ಟಿದೆ. ವಾರದ ಕೊನೆಗೆ ಪೀಟ್ ಹಿಂಡಿ, ಚೀಲ ಕಟ್ಟಿ, ಚೀಟಿಯ ಮುಂದೆ ಕೂರಬೇಕು. ಜಾತಿ: ನೋಥೋ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಊರು: ಖಾಲಿ. ಇನ್ನು ದಿನ... ಪೆನ್ಸಿಲ್ ಎಲ್ಲಿ ಹೋಯಿತು? ಇರಲಿ, ಸದ್ಯಕ್ಕೆ ಈ ಜೆಲ್ ಪೆನ್ ಇದೆಯಲ್ಲ.