ಗಮ್ಮಿನ ಗಮ್ಮತ್ತು

ಕಾರಿಗೆ ಮ್ಯಾಟ್ ಅಂಟಿಸುವವನಿಂದ ಮೊದಲೇ ಒಂದು ಮುಚ್ಚಳಿಕೆ ಬರೆಸಿಕೊಳ್ಳಬೇಕು: 'ಇಪ್ಪತ್ತು ವರ್ಷದ ಮೇಲೆ ಇದನ್ನು ಕೀಳುವವನೂ ನಾನೇ.' ಆಗ ನೋಡಿ, ಡಬ್ಬಿಗಟ್ಟಲೆ ಸುರಿಯುವ ಗಮ್ಮು ಮೂಲೆಗೊಂದು ಬೊಟ್ಟಿಗೆ ಇಳಿಯುತ್ತದೆ.

ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತಿತು, ಓಡುವುದು ನಿಂತಿಲ್ಲ. ಮಳೆಗಾಲದಲ್ಲಿ ಅಂಥ ಹಳೇ ಗಾಡಿಯ ಡ್ರೈವರ್ ಕಾಲಡಿ ಪಚಪಚ ಅಂದರೆ ಮ್ಯಾಟ್ ಎತ್ತದೆ ಗತಿಯಿಲ್ಲ. ಅದರಡಿಯಲ್ಲಿ ಕಾಯುತ್ತಿರುವ ಶತ್ರು ಒಬ್ಬನಲ್ಲ. ಮ್ಯಾಟ್ ಹಿಡಿದುಕೊಂಡ ರಬ್ಬರ್ ಗಮ್ಮು, ಸದ್ದು ತಡೆಯಲು ಹಾಕಿದ ಡಾಂಬರು ಹಾಳೆ, ತಗಡಿನ ಜೋಡಣೆಗೆ ಬಳಿದ ಸೀಲರ್. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎಲ್ಲಕ್ಕೂ ಒಂದೇ ಉಳಿ ಹಿಡಿದು ಕೂತವರು ಸಂಜೆಗೆ ತಗಡು ತೂತು ಮಾಡಿಕೊಂಡು ಏಳುತ್ತಾರೆ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೀಟು ಇಳಿಸಿ. ಸೀಟಿನ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ಇಲ್ಲದಿದ್ದರೆ ತಲೆ ಕೈಗೆ ಬರುತ್ತದೆ, ಮೈ ಅಲ್ಲೇ ಉಳಿಯುತ್ತದೆ. ಆಮೇಲೆ ಗಾಡಿಯಡಿ ಬಗ್ಗಿ ನೋಡಿ: ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲೆಲ್ಲಿ ಹೋಗಿವೆ ಎಂದು. ಮೇಲಿಂದ ಕೊಡುವ ಶಾಖ ಅವಕ್ಕೂ ತಟ್ಟುತ್ತದೆ.

ರಬ್ಬರ್ ಗಮ್ಮಿಗೆ ಥಿನ್ನರ್ ಅಥವಾ ಟರ್ಪೆಂಟೈನ್, ಅದೂ ಡಾಂಬರು ಹಾಳೆ ಎದ್ದ ಮೇಲೆ. ಬಟ್ಟೆ ನೆನೆಸಿ ಮೇಲೆ ಹಾಸಿ, ಒಂದು ಚಹಾ ಮುಗಿಸಿ ಬಂದರೆ ಗಮ್ಮು ಉಬ್ಬಿ ಬ್ಲೇಡಿಗೆ ಸುರುಳಿಯಾಗಿ ಬರುತ್ತದೆ. ಬಾಗಿಲು ನಾಲ್ಕೂ ತೆರೆದಿರಲಿ, ಕಾರ್ಟ್ರಿಜ್ ಇರುವ ಮಾಸ್ಕ್ ಮೂಗಿಗಿರಲಿ. "ಪೆಟ್ರೋಲಲ್ಲಿ ಒರೆಸಿ, ಹೋಗುತ್ತೆ" ಎನ್ನುವ ಸಲಹೆ ಎಲ್ಲ ಗ್ಯಾರೇಜಿನ ಮುಂದೂ ಪುಕ್ಕಟೆ ಸಿಗುತ್ತದೆ. ಹೋಗುತ್ತದೆ, ಸುಳ್ಳಲ್ಲ. ಗಾಡಿಯೂ ಹೋಗಬಹುದು.

ಡಾಂಬರು ಹಾಳೆಗೆ ಬಿಸಿಗಾಳಿ ಊದುವ ಹೀಟ್ ಗನ್. ಥಿನ್ನರ್ ಮುಟ್ಟುವ ಮೊದಲೇ ಈ ಕೆಲಸ ಮುಗಿದಿರಬೇಕು. ಎರಡೂ ಒಟ್ಟಿಗೆ ಕೂಡದು. ಅಂಗೈಯಗಲ ಜಾಗಕ್ಕೆ ಗನ್ ಆಡಿಸುತ್ತ ಬಿಸಿ ಕೊಡಿ. ಬೆಲ್ಲದ ಪಾಕದಂತೆ ಇದಕ್ಕೂ ಒಂದು ಹದವಿದೆ: ಬಾಗುವಷ್ಟು ಮೆತ್ತಗಾದಾಗ ಎತ್ತಿದರೆ ಹಾಳೆಯಾಗಿಯೇ ಏಳುತ್ತದೆ, ಹದ ಮೀರಿತೋ, ನೆಲಕ್ಕೆಲ್ಲ ಬಳಿದುಕೊಂಡು ಕೂರುತ್ತದೆ. ಬೆಂಗಳೂರಿನಂಥ ಕಡೆ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್, ಸಿಕ್ಕರೆ ಇನ್ನೂ ಸಲೀಸು. ಮೈನಸ್ 78 ಡಿಗ್ರಿಯ ಆ ಪುಡಿಯನ್ನು ಹಾಳೆಯ ಮೇಲೆ ಹತ್ತು ನಿಮಿಷ ಹರಡಿಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಚೂರುಚೂರಾಗಿ ಸಿಡಿಯುತ್ತದೆ. ಕೈಗೆ ದಪ್ಪ ಗ್ಲೌಸ್ ಬೇಕು. ಅದರಿಂದೇಳುವ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ನಮ್ಮ ಮೂಗೂ ಆ ಹೊತ್ತಿಗೆ ಅಲ್ಲೇ ಇರುತ್ತದೆ. ಬಾಗಿಲು ಮುಚ್ಚಲೇಬೇಡಿ.

ಸೀಲರ್ ಗಟ್ಟಿಯಾಗಿದ್ದರೆ ಅದರ ತಂಟೆಗೆ ಹೋಗಬೇಡಿ. ಬಿರುಕು ಬಿಟ್ಟದ್ದು, ಅಂಚು ಎದ್ದದ್ದು ಮಾತ್ರ ಕೀಳಬೇಕು. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ. ತಂತಿ ಚೂರುಗಳು ಹಾರುತ್ತವೆ. ಉಜ್ಜುವ ಡಿಸ್ಕ್ ಬೇಡ: ತಗಡು ಒಂದು ಮಿಲಿಮೀಟರಿಗೂ ತೆಳು, ಸ್ಪಾಟ್ ವೆಲ್ಡಿಂಗ್ ತಲೆಗಳು ಅಲ್ಲೇ ಇವೆ.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದವನು ಸಿಲಿಕಾನ್ ಮಹಾಶಯ. ಪ್ರತಿ ಊರಿನ ಆಕ್ಸೆಸರೀಸ್ ಅಂಗಡಿಯಲ್ಲೂ ಒಬ್ಬನಿರುತ್ತಾನೆ, ಸೊಂಟದಲ್ಲಿ ಸಿಲಿಕಾನ್ ಗನ್ ಸಿಕ್ಕಿಸಿಕೊಂಡು. ನೀರು ಎಲ್ಲಿಂದ ಬರುತ್ತಿದೆ ಎಂದು ಆತ ಹುಡುಕುವುದಿಲ್ಲ, ಎಲ್ಲಿ ಕಾಣುತ್ತದೋ ಅಲ್ಲಿಗೆ ಹೊಡೆಯುತ್ತಾನೆ. ವೈಪರ್ ಕೆಳಗಿನ ನೀರುದಾರಿಯಲ್ಲಿ ಎಲೆ ಕಟ್ಟಿರಬಹುದು, ಗಾಜಿನ ರಬ್ಬರ್ ಒಣಗಿ ಸೀಳಿರಬಹುದು. ಅವನಿಗೆ ಅದು ಸಂಬಂಧವಿಲ್ಲ. ಬಾತ್‌ರೂಮಿನ ಸಿಂಕಿಗೆ ಹಾಕುವ ಅದೇ ಸಿಲಿಕಾನ್, ಅದೇ ವಿನೆಗರ್ ವಾಸನೆ. ಒಣಗುವಾಗ ಬಿಡುವ ಆ ಆಮ್ಲವೇ ಬರಿ ತಗಡಿಗೆ ತುಕ್ಕಿನ ಮುಹೂರ್ತ ಇಡುತ್ತದೆ. ಕೈ ಬೆಚ್ಚಗಾದ ಮೇಲೆ ನೆಲದಲ್ಲಿರುವ ನೀರು ಬಸಿಯುವ ತೂತುಗಳೂ ಬಿರುಕಿನಂತೆಯೇ ಕಾಣುತ್ತವೆ. ರಬ್ಬರ್ ಬಿರಡೆ ತೆಗೆದು ಅಲ್ಲಿಗೂ ಒಂದೊಂದು ಮುದ್ದೆ. ಕೊನೆಗೆ ಬೆರಳಿಗೆ ಎಂಜಲು ಸವರಿ ನೀಟಾಗಿ ಎಳೆದು, "ಇನ್ನು ಹತ್ತು ವರ್ಷ ಒಂದು ಹನಿ ಬರಲ್ಲ ಸಾರ್" ಅನ್ನುತ್ತಾನೆ. ಬರುವುದು ಹಾಗಿರಲಿ, ಬಂದದ್ದು ಹೊರಗೆ ಹೋಗುವುದಂತೂ ಇಲ್ಲ.

ಈ ಪುಣ್ಯಾತ್ಮನ ಕೃತಿಯನ್ನು ಥಿನ್ನರ್ ಕರಗಿಸುವುದಿಲ್ಲ. ಉಪ್ಪುಕಾಗದ ಹಾಕಿದರೆ ಸುತ್ತಲೂ ಸವರಿಕೊಳ್ಳುತ್ತದೆ. ಬ್ಲೇಡಿನಲ್ಲಿ ಹೆರೆದು, ಸಿಲಿಕಾನ್ ರಿಮೂವರ್ ಹಚ್ಚಿ, ಪ್ರತಿ ಸಲವೂ ಹೊಸ ಬಟ್ಟೆಯಲ್ಲಿ ಒರೆಸಬೇಕು. ಕಣ್ಣಿಗೆ ಕಾಣದ ಪದರ ಉಳಿದರೂ ಸಾಕು, ಪ್ರೈಮರ್ ಅಲ್ಲಿಂದ ದುಂಡಗೆ ಹಿಂದೆ ಸರಿದು ಗುಂಡಿ ಬೀಳುತ್ತದೆ.

ನಡುವೆ ಒಂದೊಂದು ಕಡೆ ಕೈ ತಾನೇ ನಿಲ್ಲುತ್ತದೆ. ಗಮ್ಮಿನಲ್ಲಿ ಸಿಕ್ಕಿಕೊಂಡ ನಾಲ್ಕಾಣೆ. 2011ರಲ್ಲಿ ಚಲಾವಣೆ ಕಳೆದುಕೊಂಡಿದ್ದು ಅದಕ್ಕಿನ್ನೂ ಗೊತ್ತಿಲ್ಲ. ಯಾರದೋ ಹೇರ್‌ಪಿನ್ನು. ಡಾಂಬರು ಹಾಳೆ ಎದ್ದ ಜಾಗದಲ್ಲಿ ಗಾಡಿಯ ಮೊದಲ ಬಣ್ಣ, ಬಿಸಿಲು ಕಾಣದೆ ಹೊಸದಾಗಿಯೇ ಉಳಿದದ್ದು. ಹೊರಗೆ ಮೂರು ಸಲ ಪೇಂಟ್ ಬದಲಾಗಿದೆ. ಅದನ್ನು ಉಜ್ಜಲು ಮನಸ್ಸಾಗುವುದಿಲ್ಲ, ಉಜ್ಜುವ ಅಗತ್ಯವೂ ಇಲ್ಲ. ಗಟ್ಟಿಯಿದ್ದರೆ ಹೊಸ ಪೇಂಟು ಹಿಡಿಯುವಷ್ಟು ಲಘುವಾಗಿ ಗೀರು ಹಾಕಿದರೆ ಸಾಕು.

ತುಕ್ಕು ಕಂಡಲ್ಲಿ ಅದನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್, ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಜೋಡಣೆಗೆ ಪಿಯು (ಪಾಲಿಯುರೆಥೇನ್) ಸೀಲರ್, ಮೇಲೆ ಪೇಂಟು. ಬರಿ ತಗಡನ್ನು ರಾತ್ರಿಗೆ ಬಿಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ. ಬಸಿಯುವ ತೂತಿಗೆ ಹೊಸ ರಬ್ಬರ್ ಬಿರಡೆ ಹಾಕಿ. ಕೈಗೆ ಮೆತ್ತಿದ ಡಾಂಬರಿಗೆ ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಪ್ಯಾಂಟಿಗೆ ಮೆತ್ತಿದ್ದು ಹೋಗುವುದಿಲ್ಲ. ಅದನ್ನು ಮನೆಯವರ ಕಣ್ಣಿಗೆ ಬೀಳದಂತೆ ಎತ್ತಿಡಿ; ಹಿಂದಿನ ಸೀಟಿನ ಕೆಳಗಿನದು ಇನ್ನೂ ಬಾಕಿ ಇದೆ.